ಏಕಾಂತಕ್ಕೆ ಹೊರಟರೆ ಮನೆಯ ದೀಪ ಹಚ್ಚುವವರು ಯಾರು?

ಪ್ರಶ್ನೆ: ನನಗೀಗ 51 ವರ್ಷ. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ನಮ್ಮ ಅತ್ತೆಯವರು ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರು. ಅವರ ಸ್ನಾನ, ಊಟ, ಬಟ್ಟೆ ಎಲ್ಲಾ ನನ್ನ ಕೈಯಲ್ಲೇ ಆಯಿತು. ಎರಡು ವರ್ಷದ ಹಿಂದೆ ತೀರಿಕೊಂಡರು. ಈಗ ಮನೆಯಲ್ಲಿ ಕೆಲಸ ಕಮ್ಮಿ, ಆದರೆ ಮನಸ್ಸಿಗೆ ಒಂದು ಘಳಿಗೆ ನೆಮ್ಮದಿ ಇಲ್ಲ. ನಾನು ಯಾರು, ನನಗೇನು ಬೇಕು ಅನ್ನೋದೇ ಮರೆತುಹೋಗಿದೆ. ವರ್ಷಾಂತಿಕ ಮುಗಿದ ಮೇಲೆ ಕಳೆದ ಮಾಘದಲ್ಲಿ ಒಬ್ಬಳೇ ಶೃಂಗೇರಿಗೆ ಹೋಗಿ, ಐದು ದಿನ ರಾಮನಾಮ ಜಪ ಮಾಡುತ್ತೇನೆ ಅಂತ ಸಂಕಲ್ಪ ಮಾಡಿ ಕೂತೆ. ಎರಡು ದಿನ ಬರೀ ನಿದ್ದೆ. ಮೂರನೇ ದಿನ ಶುರುವಾದ ಅಳು ನಿಲ್ಲಲೇ ಇಲ್ಲ. ಹೆದರಿ ನಾಲ್ಕನೇ ದಿನ ಬೆಳಿಗ್ಗೆ ಬಸ್ಸು ಹತ್ತಿ ವಾಪಸ್ಸು ಬಂದುಬಿಟ್ಟೆ. ಸಂಕಲ್ಪ ಮುರಿದರೆ ಮನೆಗೆ ಒಳ್ಳೆಯದಲ್ಲ ಅಂತ ನೆಂಟರು ಹೇಳುತ್ತಿದ್ದಾರೆ. ಹಾಗಾಗಿ ಈ ಸಲ 11 ದಿನ ಕೂತು ಒಂದು ಲಕ್ಷ ಜಪ ಮುಗಿಸಿ ದೋಷ ಕಳೆದುಕೊಳ್ಳೋಣ ಅಂತಿದ್ದೇನೆ. ಯಜಮಾನರು ಹೋಗು ಅನ್ನುತ್ತಾರೆ. ನಾದಿನಿಯವರು ಮಾತ್ರ, ಮುತ್ತೈದೆ ಮನೆ ಬಿಟ್ಟರೆ ದೀಪ ಹಚ್ಚುವವರು ಯಾರು ಅನ್ನುತ್ತಾರೆ. ತಿಂಗಳ ರಜೆ ಈಗ ಲೆಕ್ಕಕ್ಕೆ ಸಿಗುತ್ತಿಲ್ಲ, ನಡುವೆ ಬಂದರೆ? ಸೂತಕ ಬಂದರೆ? ನನ್ನ ಗೆಳತಿ 10 ದಿನದ ವಿಪಶ್ಯನ ಶಿಬಿರಕ್ಕೆ ಬಾ ಅನ್ನುತ್ತಾಳೆ, ಅದು ನಮಗೆ ಆಗುತ್ತದೆಯೇ? ಇನ್ನೊಂದು ಮಾತು. ಅತ್ತೆ ಹೋಗುವ ಹಿಂದಿನ ರಾತ್ರಿ ಅವರಿಗೆ ಆಡಬಾರದ ಒಂದು ಮಾತು ಆಡಿದೆ. ಅದೇ ಕಿವಿಯಲ್ಲಿದೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ.
– ಓದುಗರೊಬ್ಬರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಆರು ಪ್ರಶ್ನೆಗಳಿವೆ. ಐದಕ್ಕೆ ಶಾಸ್ತ್ರದಲ್ಲಿ ಸುಲಭವಾಗಿ ಉತ್ತರ ಸಿಗುತ್ತದೆ. ಆರನೆಯದನ್ನು ನೀವು ಪ್ರಶ್ನೆಯ ರೂಪದಲ್ಲಿ ಬರೆದಿಲ್ಲ, ಆದರೆ ನಿಮ್ಮನ್ನು ಶೃಂಗೇರಿಯಿಂದ ಬಸ್ಸು ಹತ್ತಿಸಿದ್ದು ಅದೇ ಎಂದು ನನಗೆ ಅನ್ನಿಸುತ್ತದೆ. ಸುಲಭವಾದದ್ದನ್ನು ಮೊದಲು ಮುಗಿಸುತ್ತೇನೆ.

ದೀಪದ ವಿಚಾರ. ಮನೆದೇವರ ದೀಪ ಮನೆಯದ್ದು, ಒಬ್ಬರದ್ದಲ್ಲ. ನಿತ್ಯಕರ್ಮಕ್ಕೆ ಪ್ರತಿನಿಧಿ ಇರಬಹುದು ಎಂದು ಧರ್ಮಶಾಸ್ತ್ರ ಒಪ್ಪುತ್ತದೆ. ಗಂಡ, ಹೆಂಡತಿ, ಮಗ, ಸಹೋದರ ಹೀಗೆ ಒಬ್ಬರ ಬದಲಿಗೆ ಇನ್ನೊಬ್ಬರು ಮಾಡಬಹುದು. ನಿಮ್ಮ ಯಜಮಾನರು ಬೆಳಿಗ್ಗೆ ಸಂಜೆ ಕೈಕಾಲು ತೊಳೆದು ದೀಪ ಹಚ್ಚಿ ಒಂದು ಹೂವು ಇಟ್ಟರೆ ಸಾಕು. ನನಗೆ ಬರಲ್ಲ ಎನ್ನುವ ಗಂಡಸರನ್ನು ನಾನು ಬಹಳ ಜನ ನೋಡಿದ್ದೇನೆ. ಗ್ಯಾಸ್ ಒಲೆ ಹಚ್ಚಿ ಕಾಫಿ ಮಾಡಿಕೊಳ್ಳಲು ಬರುವ ಕೈಗೆ ದೀಪ ಹಚ್ಚಲು ಬಾರದೇ ಹೋಗುವುದಿಲ್ಲ. ಇನ್ನು ಮುತ್ತೈದೆ ವ್ರತಕ್ಕೆ ಹೊರಡುವಾಗ ಗಂಡನ ಒಪ್ಪಿಗೆ ಇರಲಿ ಎಂದು ಹಿರಿಯರು ಹೇಳುತ್ತಾರೆ. ಅದು ನಿಮಗೆ ಸಿಕ್ಕಿದೆ. ನಾದಿನಿಯವರ ಒಪ್ಪಿಗೆಯೂ ಬೇಕೆಂದು ನಾನು ಎಲ್ಲೂ ಓದಿಲ್ಲ.

ಸೂತಕದ ವಿಚಾರದಲ್ಲಿ ನಿಯಮ ಸ್ಪಷ್ಟ. ವ್ರತ, ಜಪ, ಹೋಮ, ಮದುವೆಗಳು ಶುರುವಾದ ಮೇಲೆ ಸೂತಕ ಬಂದರೆ ಅದು ಆ ಕರ್ಮಕ್ಕೆ ಅಡ್ಡಿಯಲ್ಲ. ಶುರುವಾಗುವ ಮೊದಲೇ ಬಂದಿದ್ದರೆ ಕಾಯಬೇಕು. ಮದುವೆಗೆ ನಾಂದಿ ಆದರೆ ಶುರುವಾದಂತೆ, ಜಪಕ್ಕೂ ವ್ರತಕ್ಕೂ ಸಂಕಲ್ಪ ಆದರೆ ಶುರುವಾದಂತೆ. ತಿಂಗಳ ರಜೆಯ ವಿಚಾರವೂ ಹೀಗೆಯೇ. ಹಿಡಿದ ದೀರ್ಘ ವ್ರತ ಅದರಿಂದ ಮುರಿಯುವುದಿಲ್ಲ. ಆ ದಿನಗಳಲ್ಲಿ ಪೂಜೆಯನ್ನು ಬೇರೆಯವರಿಂದ ಮಾಡಿಸಿ, ಊಟದ ನಿಯಮ, ಮೌನ ಮುಂತಾದ ದೇಹದ ನಿಯಮಗಳನ್ನು ತಾನೇ ನಡೆಸಿಕೊಂಡು ಹೋಗಬೇಕು ಎಂದು ನಿಬಂಧ ಗ್ರಂಥಗಳು ಹೇಳುತ್ತವೆ. ಮಾಲೆಯನ್ನು ಪಕ್ಕಕ್ಕಿಡಿ, ಗುಡಿಗೆ ಹೋಗಬೇಡಿ, ಕೋಣೆಯಲ್ಲೋ ಹೊಳೆಯ ದಡದಲ್ಲೋ ಕೂತು ಮನಸ್ಸಿನಲ್ಲಿ ಸ್ಮರಣೆ ಮಾಡಿ. ರಾಮನಾಮಕ್ಕೆ ಯಾವ ದಿನವೂ ಮಡಿಯ ತೊಡಕಿಲ್ಲ. ಅದಕ್ಕೇ ಅಲ್ಲವೇ ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆಯೂ ಅದನ್ನು ಹೇಳುತ್ತಿದ್ದದ್ದು.

ಈಗ ಮುರಿದ ಸಂಕಲ್ಪದ ಮಾತು. ಇಲ್ಲಿ ನೆಂಟರು ನಿಮ್ಮನ್ನು ಸುಮ್ಮನೆ ಹೆದರಿಸಿದ್ದಾರೆ. ಕರ್ಮದಲ್ಲಿ ಕಾಮ್ಯ, ನಿತ್ಯ ಎಂದು ವ್ಯತ್ಯಾಸವಿದೆ. ಮಗನಿಗೆ ಕೆಲಸ ಸಿಗಲಿ, ಕೋರ್ಟಿನಲ್ಲಿ ಗೆಲುವಾಗಲಿ ಎಂದು ಒಂದು ಫಲ ಬಯಸಿ ಮಾಡುವುದು ಕಾಮ್ಯ. ಅದನ್ನು ಹೇಳಿದ ಅಂಗಗಳೆಲ್ಲ ಸೇರಿ ಪೂರ್ತಿಯಾಗಿ ಮಾಡಿದರೇ ಫಲ. ಬಿಟ್ಟರೆ ಆ ಫಲ ಇಲ್ಲ. ಆದರೆ ನಿತ್ಯಕರ್ಮವನ್ನು ಶಕ್ತಿಯಿದ್ದಷ್ಟು ಮಾಡಿದರೂ ನಡೆಯುತ್ತದೆ ಎಂಬುದು ಮೀಮಾಂಸಕರ ತೀರ್ಮಾನ. ಚಿತ್ತ ಶುದ್ಧಿಗಾಗಿ ದೇವರ ಹೆಸರು ಹೇಳಿದ ನಿಮ್ಮ ಜಪ ಈ ಎರಡನೇ ದಾರಿಯದು. ಈ ದಾರಿಯಲ್ಲಿ ಆರಂಭಿಸಿದ್ದು ನಾಶವಾಗುವುದಿಲ್ಲ, ತಿರುಗಿ ಹೊಡೆಯುವ ದೋಷವೂ ಇಲ್ಲ ಎಂದು ಗೀತೆಯ 2ನೇ ಅಧ್ಯಾಯದಲ್ಲೇ ಭಗವಂತನ ಅಭಯವಿದೆ. ನಮ್ಮ ಪ್ರತಿಯೊಂದು ಪೂಜೆಯ ಕೊನೆಗೂ ಮಂತ್ರ ಲೋಪ, ಕ್ರಿಯಾ ಲೋಪ, ಭಕ್ತಿ ಲೋಪ ಎಲ್ಲವನ್ನೂ ತುಂಬಿಕೊಡು ಎಂದು ಬೇಡಿಕೊಂಡು ಮುಗಿಸುತ್ತೇವೆ. ಲೋಪ ಆಗಿಯೇ ಆಗುತ್ತದೆ ಎಂದು ಗೊತ್ತಿದ್ದವರೇ ಆ ಪ್ರಾರ್ಥನೆ ಇಟ್ಟಿದ್ದು. ನೀವು ಮೂರು ದಿನ ಕೂತಿರಿ. ಆ ಮೂರು ದಿನ ಜಮೆಯಾಗಿದೆ. ದೋಷ ಕಳೆಯಲು ಹೋಗಬೇಡಿ, ಯಾಕೆಂದರೆ ದೋಷವೇ ಇಲ್ಲ.

ಆದ್ದರಿಂದ 11 ದಿನಕ್ಕೆ ಒಂದು ಲಕ್ಷ ಎಂಬುದನ್ನು ಬಿಡಿ. ಲೆಕ್ಕ ಹಾಕಿ ನೋಡಿ. ಮಾಲೆಯಲ್ಲಿ 108 ಮಣಿ ಇದ್ದರೂ 8ನ್ನು ತಪ್ಪಿಗೆಂದು ಬಿಟ್ಟು 100 ಎಂದೇ ಎಣಿಸುವ ರೂಢಿ. ಒಂದು ಲಕ್ಷಕ್ಕೆ 1000 ಮಾಲೆ, ದಿನಕ್ಕೆ 91. ಒಂದು ಮಾಲೆಗೆ ನಾಲ್ಕು ನಿಮಿಷ ಹಿಡಿದರೂ ದಿನಕ್ಕೆ ಆರು ಗಂಟೆ. ಮೂರನೇ ದಿನದಿಂದ ನಿಮ್ಮ ಮನಸ್ಸು ರಾಮನನ್ನು ಬಿಟ್ಟು ಇನ್ನೆಷ್ಟು ಮಾಲೆ ಬಾಕಿ ಎಂಬುದರಲ್ಲಿ ಕೂರುತ್ತದೆ. ಅದು ಮನೆಯಲ್ಲಿ ಮಾಡುತ್ತಿದ್ದ ಕೆಲಸವೇ, ಕೈಗೆ ಸೌಟಿನ ಬದಲು ಜಪಮಾಲೆ ಬಂದಿದೆ ಅಷ್ಟೆ. ಒಂಬತ್ತು ವರ್ಷ ಗಡಿಯಾರ ನೋಡಿಕೊಂಡು ಮಾತ್ರೆ ಕೊಟ್ಟವರು ನೀವು. ಇನ್ನೊಂದು ಲೆಕ್ಕದ ಕೆಲಸ ನಿಮಗೆ ಬೇಡ.

ಇನ್ನು ನಿದ್ದೆ ಮತ್ತು ಅಳು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದೇ ಕಾಟದಿಂದ ನಡುವೆ ಎದ್ದು ಬಂದು ನಮಗೆ ಯೋಗ್ಯತೆ ಇಲ್ಲ ಎಂದುಕೊಂಡವರ ಪತ್ರಗಳು ನನಗೆ ಪ್ರತಿ ವರ್ಷ ಬರುತ್ತವೆ. ಶಂಕರಾಚಾರ್ಯರ ಗುರುಗಳ ಗುರುಗಳು ಗೌಡಪಾದಾಚಾರ್ಯರು. ಮಾಂಡೂಕ್ಯ ಉಪನಿಷತ್ತಿಗೆ ಅವರು ಬರೆದ ಕಾರಿಕೆಯ ಮೂರನೆಯ ಪ್ರಕರಣದಲ್ಲಿ, ಕೂತವನ ಮನಸ್ಸಿಗೆ ಏನೇನಾಗುತ್ತದೆ ಎಂದು ಒಬ್ಬ ಅನುಭವಿ ವೈದ್ಯನ ಹಾಗೆ ಹೇಳಿದ್ದಾರೆ. ಮುಂದೆ ಸದಾನಂದರ ವೇದಾಂತಸಾರದಲ್ಲಿ ಇವನ್ನೇ ನಾಲ್ಕು ವಿಘ್ನಗಳು ಎಂದು ಹೆಸರಿಟ್ಟು ಎಣಿಸಿದರು. ಲಯ, ವಿಕ್ಷೇಪ, ಕಷಾಯ, ರಸಾಸ್ವಾದ.

ಲಯ ಎಂದರೆ ನಿಮ್ಮ ಮೊದಲೆರಡು ದಿನದ ನಿದ್ದೆ. ವಿಕ್ಷೇಪ ಎಂದರೆ ಮನಸ್ಸು ಊರಿಗೆ, ಅಡಿಗೆ ಮನೆಗೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬಲ್ಲಿಗೆ ಓಡುವುದು. ಇವೆರಡೂ ಎಲ್ಲರಿಗೂ ಗೊತ್ತು. ಮೂರನೆಯದೇ ಕಷ್ಟದ್ದು. ಕಷಾಯ ಎಂದರೆ ಒಗರು, ಹತ್ತಿಕೊಂಡ ಕಲೆ. ಬಾಳೆಕಾಯಿ ಹೆಚ್ಚಿದ ಕೈಗೆ ಕರೆ ಹತ್ತುತ್ತದಲ್ಲ, ಹೆಚ್ಚುವಾಗ ಕಾಣುವುದಿಲ್ಲ, ಒಣಗಿದ ಮೇಲೆ ಕಪ್ಪಾಗಿ ಕಾಣುತ್ತದೆ, ನೀರಿಗೆ ಹೋಗುವುದಿಲ್ಲ. ಮನಸ್ಸಿನ ಕೆಲಸಗಳು ನಿಂತಾಗ ಒಳಗೆ ಅಡಗಿದ್ದ ರಾಗ, ಸಿಟ್ಟು, ದುಃಖ ಹೀಗೆ ಮೇಲೆ ಬರುತ್ತದೆ. ಮನಸ್ಸು ನಿದ್ದೆಗೂ ಹೋಗದೆ, ಹೊರಗೂ ಓಡದೆ, ಬಿಗಿದುಕೊಂಡು ನಿಂತುಬಿಡುತ್ತದೆ. ನಿಮ್ಮ ಮೂರನೇ ದಿನದ ಅಳು ಇದು. ದೇವರು ಸಿಟ್ಟಾದ ಗುರುತಲ್ಲ. ಜಪ ಕೆಲಸ ಮಾಡಲು ಶುರು ಮಾಡಿತ್ತು, ಅಷ್ಟೇ.

ಇದಕ್ಕೆ ಆಚಾರ್ಯರು ಹೇಳಿದ ಮದ್ದು ನನಗೆ ಬಹಳ ಇಷ್ಟ. ಲಯಕ್ಕೆ ಎಬ್ಬಿಸು ಎಂದರು. ವಿಕ್ಷೇಪಕ್ಕೆ ಸಮಾಧಾನ ಮಾಡಿ ಕರೆದುಕೊಂಡು ಬಾ ಎಂದರು. ಕಷಾಯಕ್ಕೆ ಬಂದಾಗ ಮಾತ್ರ ಓಡಿಸು, ತಳ್ಳು, ಅಳಿಸಿಹಾಕು ಎನ್ನಲಿಲ್ಲ. ತಿಳಿದುಕೋ ಎಂದರು. ಇದು ಇಲ್ಲಿದೆ, ಇದು ಹೀಗಿದೆ ಎಂದು ತಿಳಿ. ಆತ್ಮಜ್ಞಾನ ಎಂಬ ದೊಡ್ಡ ಪದಕ್ಕೆ ಹೋಗುವ ಮೊದಲು ನಮ್ಮಂಥವರು ಹತ್ತಬೇಕಾದ ಮೆಟ್ಟಿಲು ಇದೇ. ನಾಲ್ಕನೆಯ ರಸಾಸ್ವಾದ, ಅಂದರೆ ಸಿಕ್ಕ ಶಾಂತಿಯನ್ನೇ ಸವಿಯುತ್ತಾ ಅಲ್ಲೇ ಕೂತುಬಿಡುವುದು. ಅದು ಬಂದಾಗ ಮತ್ತೆ ಪತ್ರ ಬರೆಯಿರಿ, ಈಗ ಅದರ ಚಿಂತೆ ಬೇಡ.

ಹಾಗಾದರೆ ಆ ಮಾತಿನ ವಿಷಯ. ನೀವು ಏನು ಹೇಳಿದಿರಿ ಎಂದು ಬರೆದಿಲ್ಲ, ಬರೆಯುವುದೂ ಬೇಡ. ಒಂಬತ್ತು ವರ್ಷ ರಾತ್ರಿ ಎದ್ದವರ ಬಾಯಲ್ಲಿ ಒಂದು ದಿನ ಎಂಥ ಮಾತು ಬಂದಿರಬಹುದು ಎಂದು ಊಹಿಸಲು ಕಷ್ಟವಿಲ್ಲ. ಅದು ಏನೂ ಅಲ್ಲ ಬಿಡಿ ಎಂದು ನಾನು ಹೇಳುವುದಿಲ್ಲ. ನಿಮಗೆ ಅದು ಏನೂ ಅಲ್ಲ ಎಂದಾಗಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ತಪ್ಪು ಮಾತು ತಪ್ಪೇ. ಆದರೆ ನೀವು ಮಾಡುತ್ತಿರುವುದೇನು ನೋಡಿ. ಆ ಒಂದು ಮಾತನ್ನು ಮುಚ್ಚಲು ಒಂದು ಲಕ್ಷ ಜಪ ಹೊತ್ತು ಹೊರಟಿದ್ದೀರಿ. ಮುಚ್ಚಿದ್ದು ಮೂರನೇ ದಿನ ಮತ್ತೆ ಏಳುತ್ತದೆ.

ಅದಕ್ಕೆ ಬದಲು ಹೀಗೆ ಮಾಡಿ. ಹೋದ ಮೊದಲ ದಿನ ಬೆಳಿಗ್ಗೆ, ಸಂಕಲ್ಪಕ್ಕೂ ಮೊದಲು, ತುಂಗೆಯಲ್ಲಿ ಸ್ನಾನ ಮಾಡಿ, ಜನ ಕಡಿಮೆ ಇರುವ ಕಡೆ ಮೆಟ್ಟಿಲ ಮೇಲೆ ಕುಳಿತು, ಅತ್ತೆಯವರನ್ನು ನೀವು ಕರೆಯುತ್ತಿದ್ದ ಹಾಗೇ ಕರೆದು, ಆ ರಾತ್ರಿ ನಾನು ಹೀಗೆ ಅಂದೆ ಎಂದು ಬಾಯಿಬಿಟ್ಟು ಹೇಳಿ. ಆಡಿದ ಮಾತನ್ನೇ ಹೇಳಿ, ಸುತ್ತಿಬಳಸಿ ಬೇಡ. ಕ್ಷಮಿಸಿ ಎನ್ನಿ. ಅಳು ಬಂದರೆ ಅತ್ತುಬಿಡಿ, ಹೊಳೆ ಇದಕ್ಕಿಂತ ದೊಡ್ಡ ಅಳುಗಳನ್ನು ನೋಡಿದೆ. ಆಮೇಲೆ ಇನ್ನೊಂದು ಕೆಲಸ. ಆ ಒಂಬತ್ತು ವರ್ಷದಲ್ಲಿ ನೀವು ಅವರಿಗೆ ತಲೆ ಬಾಚಿದ ಒಂದು ದಿನವನ್ನೋ, ಗಂಜಿ ಕುಡಿಸಿದ ಒಂದು ದಿನವನ್ನೋ ಪೂರ್ತಿಯಾಗಿ ನೆನಪಿಗೆ ತಂದುಕೊಳ್ಳಿ. ಇದು ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ. ನಿಜ ತಿಳಿಯಬೇಕೆಂದರೆ ಒಂದು ರಾತ್ರಿಯನ್ನು ಮಾತ್ರ ಸಾಕ್ಷಿಗೆ ಕರೆದರೆ ಸಾಲದು, ಉಳಿದ ರಾತ್ರಿಗಳನ್ನೂ ಕರೆಯಬೇಕು. ತರ್ಪಣ, ಶ್ರಾದ್ಧ ನಿಮ್ಮ ಯಜಮಾನರು ಮಾಡುತ್ತಾರೆ. ಇದು ಸೊಸೆಯಾಗಿ ನೀವು ಮಾಡುವುದು. ಇದಕ್ಕೆ ಮಂತ್ರವಿಲ್ಲ.

ಎಷ್ಟು ದಿನ ಕೂರಬೇಕು ಎಂದರೆ, ನನ್ನ ಸಲಹೆ ಆರು ದಿನ. ಶುಕ್ಲ ದಶಮಿಗೆ ಶುರು ಮಾಡಿ ಹುಣ್ಣಿಮೆಗೆ ಮುಗಿಸಿ. ನಡುವೆ ಏಕಾದಶಿ ತಾನಾಗಿಯೇ ಬರುತ್ತದೆ. ಉಪವಾಸ ಅವತ್ತು ಮಾತ್ರ, ಅದೂ ಹಣ್ಣು ಹಾಲು ತೆಗೆದುಕೊಂಡು. ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ ಎಂದು ಗೀತೆಯ 6ನೇ ಅಧ್ಯಾಯ ಹೇಳುತ್ತದೆ, ನಿದ್ದೆಗೂ ಅದೇ ಮಾತು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ತಪ್ಪದೆ ತೆಗೆದುಕೊಳ್ಳಿ. ವ್ರತ ಕೆಡಿಸದ ಎಂಟು ವಸ್ತುಗಳಲ್ಲಿ ನೀರು, ಹಾಲು, ಹಣ್ಣುಗಳ ಜೊತೆಗೆ ಔಷಧವನ್ನೂ ಹಿಂದಿನವರೇ ಸೇರಿಸಿದ್ದಾರೆ. ನವರಾತ್ರಿ, ಬೇಸಿಗೆ ರಜೆಯಲ್ಲಿ ಶೃಂಗೇರಿಗೆ ಹೋಗಬೇಡಿ, ಜಾತ್ರೆಯಾಗಿರುತ್ತದೆ. ಮಳೆಗಾಲದಲ್ಲಿ ಜನ ಕಮ್ಮಿ, ಬಟ್ಟೆ ಮಾತ್ರ ಒಣಗುವುದಿಲ್ಲ, ನಾಲ್ಕು ಜೊತೆ ಹೆಚ್ಚು ಇಟ್ಟುಕೊಳ್ಳಿ. ಯಾತ್ರಿಕರ ವಸತಿಗಳಲ್ಲಿ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಕೋಣೆ ಕೊಡುತ್ತಾರೆ. ಆರು ದಿನ ಬೇಕೆಂದರೆ ಯಾವ ಕ್ಷೇತ್ರವಾದರೂ ಮೊದಲೇ ಕೇಳಿಕೊಂಡು ಹೊರಡಿ.

ದಿನಚರಿ ಸರಳವಾಗಿರಲಿ. ಬೆಳಿಗ್ಗೆ ಸ್ನಾನ, ಶಾರದಾಂಬೆಯ ದರ್ಶನ, 11 ಮಾಲೆ ಜಪ. ಮಧ್ಯಾಹ್ನ ಪ್ರಸಾದ, ಸ್ವಲ್ಪ ಮಲಗುವುದು. ಸಂಜೆ ಹೊಳೆ ದಾಟಿ ನರಸಿಂಹವನದ ಕಡೆ ನಡೆದಾಡಿ, ದಡದಲ್ಲಿ ಕೂತು ಮತ್ತೆ 11 ಮಾಲೆ. ನಡುವೆ ಉಳಿದ ಹೊತ್ತಿನಲ್ಲಿ ಏನೂ ಮಾಡದಿರುವುದೇ ವ್ರತ, ಅದೇ ಕಷ್ಟ. ಪುಸ್ತಕ ಒಂದಕ್ಕಿಂತ ಹೆಚ್ಚು ಬೇಡ. ನಾನು ಮೊದಲ ಸಲ ಹೀಗೆ ಹೋದಾಗ ಚೀಲದ ತುಂಬ ಗ್ರಂಥ ಹೊತ್ತುಕೊಂಡು ಹೋಗಿ, ಏಳು ದಿನ ಓದಿ, ಒಂದು ದಿನವೂ ಕೂರದೆ ಬಂದೆ. ಮನೆಯವರು ಏನು ಕಂಡಿರಿ ಎಂದು ಕೇಳಿದಾಗ ಪುಟಗಳ ಸಂಖ್ಯೆ ಬಿಟ್ಟು ಹೇಳಲು ಬೇರೇನೂ ಇರಲಿಲ್ಲ.

ಮೌನದ ವಿಚಾರ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೈಸನ್ನೆಯನ್ನೂ ಮಾಡದ ಕಾಷ್ಠಮೌನ ನಮಗೆ ಬೇಡ. ಅಗತ್ಯಕ್ಕೆ ಎರಡು ಮಾತು ಆಡಿದರೆ ತಪ್ಪಿಲ್ಲ. ಬಾಯಿ ಮುಚ್ಚಿಕೊಂಡು ವಾಟ್ಸಾಪಿನಲ್ಲಿ ಬೆರಳಿನಿಂದ ಹರಟುವುದು ಮಾತ್ರ ಮೌನವಲ್ಲ. ಗೀತೆಯ 17ನೇ ಅಧ್ಯಾಯ ಮೌನವನ್ನು ನಾಲಗೆಯ ತಪಸ್ಸಿನಲ್ಲಿ ಸೇರಿಸಿಲ್ಲ, ಮನಸ್ಸಿನ ತಪಸ್ಸಿನಲ್ಲಿ ಸೇರಿಸಿದೆ. ಇದನ್ನು ಗಮನಿಸಬೇಕು. ಸಂಜೆ ಹತ್ತು ನಿಮಿಷ ಯಜಮಾನರಿಗೆ ಫೋನು ಮಾಡಿ, ಊಟ ಆಯಿತೇ ಎಂದು ಕೇಳಿ, ಮತ್ತೆ ಆಫ್ ಮಾಡಿ ಚೀಲದಲ್ಲಿಡಿ.

ನಿಮ್ಮ ಗೆಳತಿ ಹೇಳಿದ ವಿಪಶ್ಯನ ಶಿಬಿರ ಬುದ್ಧನ ಪರಂಪರೆಯ ಧ್ಯಾನ. ಬರ್ಮಾದಿಂದ ಬಂದ ಈ ಕ್ರಮವನ್ನು ಎಸ್. ಎನ್. ಗೋಯೆಂಕಾ ಅವರು ನಮ್ಮ ದೇಶದಲ್ಲಿ ಮತ್ತೆ ಹರಡಿದರು. ಶುಲ್ಕವಿಲ್ಲ, ಮುಗಿದ ಮೇಲೆ ದಾನ ಕೊಡಬಹುದು. ಬೆಳಿಗ್ಗೆ 4 ಗಂಟೆಗೆ ಎಬ್ಬಿಸುತ್ತಾರೆ, ಫೋನು ಮೊದಲೇ ಒಪ್ಪಿಸಬೇಕು, ಮಾತಿಲ್ಲ. ಒಳ್ಳೆಯ ಶಿಸ್ತು. ಆದರೆ ಶಿಬಿರ ಮುಗಿಯುವ ತನಕ ಜಪ, ಪೂಜೆ, ಉಪವಾಸ, ಧೂಪ, ದೀಪ ಎಲ್ಲವನ್ನೂ ನಿಲ್ಲಿಸಬೇಕೆಂಬುದು ಅವರ ನಿಯಮ. ಅವರ ಅಭ್ಯಾಸವನ್ನು ಬೇರೆಯದರ ಜೊತೆ ಬೆರೆಸಬಾರದೆಂದು ಹಾಗೆ ಮಾಡಿದ್ದಾರೆ, ನಮ್ಮ ದೇವರ ಮೇಲೆ ದ್ವೇಷದಿಂದಲ್ಲ. ನಿತ್ಯ ಜಪ ಬಿಡಲಾರೆ ಎನ್ನುವವರು ಹೋಗದಿರುವುದೇ ಮೇಲು, ಒಪ್ಪಿಕೊಂಡು ಹೋಗಿ ಕದ್ದು ಜಪ ಮಾಡುವುದು ಎರಡು ಕಡೆಗೂ ಸಲ್ಲದು. ಹೋದರೆ ಪಾಪವೇನೂ ಇಲ್ಲ. ಆದರೆ ಮೂರು ದಿನಕ್ಕೆ ಅಳು ತಡೆಯಲಾಗದವರು 10 ದಿನ ಯಾರ ಜೊತೆಗೂ ಮಾತಿಲ್ಲದೆ ಕೂರುವುದು ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಮುಂದೆ ನೋಡೋಣ.

ಒಂದು ಎಚ್ಚರಿಕೆ. ರಾತ್ರಿ ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನ್ನಿಸಿದರೆ, ಮೊದಲು ವೈದ್ಯರ ಹತ್ತಿರ ಹೋಗಿ, ಆಮೇಲೆ ಕ್ಷೇತ್ರಕ್ಕೆ ಹೋಗಿ. ಬಹಳ ವರ್ಷ ರೋಗಿಗಳ ಸೇವೆ ಮಾಡಿದವರಿಗೆ ಅದು ಮುಗಿದ ಮೇಲೆ ಹೀಗಾಗುವುದುಂಟು. ಮನಸ್ಸಿಗೂ ವೈದ್ಯರಿದ್ದಾರೆ, ಅವರನ್ನು ಕಾಣುವುದು ಭಕ್ತಿಯ ಕೊರತೆಯಲ್ಲ.

ಮನೆ ಬಿಟ್ಟರೇ ಶಾಂತಿ, ಮನೆಯಲ್ಲಿದ್ದರೆ ಇಲ್ಲ ಎಂಬ ಭಾವನೆ ನಿಮ್ಮ ಪತ್ರದ ಉದ್ದಕ್ಕೂ ಇದೆ. ರಮಣ ಮಹರ್ಷಿಗಳು 1896ರಲ್ಲಿ, 16ನೇ ವಯಸ್ಸಿನಲ್ಲಿ ಮನೆ ಬಿಟ್ಟು ಅರುಣಾಚಲಕ್ಕೆ ಬಂದವರು. ಗುಹೆಯಲ್ಲಿ ವರ್ಷಗಟ್ಟಲೆ ಇದ್ದರು. ಆದರೆ ಸಂಸಾರ ಬಿಟ್ಟು ಬರುತ್ತೇನೆ ಎಂದು ಬಂದವರನ್ನು ಅವರು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ, ಮನೆಯಲ್ಲಿರುವ ಮನಸ್ಸೇ ಕಾಡಿಗೂ ಬರುತ್ತದೆ ಎನ್ನುತ್ತಿದ್ದರು. 1916ರಲ್ಲಿ ತಾಯಿ ಅಳಗಮ್ಮನವರು ಬಂದು ಜೊತೆಗೆ ನಿಂತಾಗ ಕಳಿಸಲಿಲ್ಲ. 1922ರಲ್ಲಿ ಅವರ ಕೊನೆಯ ಉಸಿರಿನ ತನಕ ಪಕ್ಕದಲ್ಲೇ ಕೂತಿದ್ದರು. ಮುಂದೆ ಆಶ್ರಮ ಬೆಳೆದ ಮೇಲೂ ಬೆಳಗಿನ ಜಾವ ಅಡಿಗೆ ಮನೆಗೆ ಹೋಗಿ ಎಲ್ಲರ ಜೊತೆ ತರಕಾರಿ ಹೆಚ್ಚುತ್ತಿದ್ದರು. ಒಂಬತ್ತು ವರ್ಷ ನೀವು ರೋಗಿಯ ಪಕ್ಕದಲ್ಲಿ ಕೂತದ್ದು ಅಧ್ಯಾತ್ಮದ ಹೊರಗಿನ ಕೆಲಸ, ಈಗ ಆರು ದಿನ ಹೊಳೆ ದಡದಲ್ಲಿ ಕೂರುವುದು ಮಾತ್ರ ಅಧ್ಯಾತ್ಮ ಎಂದು ದಯವಿಟ್ಟು ಎಣಿಸಬೇಡಿ. ಅಲ್ಲಿ ಕೂರುವುದು ಆ ಒಂಬತ್ತು ವರ್ಷದಲ್ಲಿ ಏನಾಯಿತು ಎಂದು ನೋಡುವುದಕ್ಕೆ. ಆಗ ಅದಕ್ಕೆ ಪುರುಸೊತ್ತಿರಲಿಲ್ಲ.

ಸಂಕಲ್ಪ ಮಾಡುವಾಗ ಈ ಸಲ ದಿನ, ಸಂಖ್ಯೆ ಹೇಳದೆ, ಯಥಾಶಕ್ತಿ ಎಂಬ ಒಂದು ಪದ ಸೇರಿಸಿ. ಆ ಪದವನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟಿಲ್ಲ. ನಾಲ್ಕನೇ ದಿನವೇ ಎದ್ದು ಬರಬೇಕೆನಿಸಿದರೆ ದರ್ಶನ ಮಾಡಿ, ನಮಸ್ಕಾರ ಹಾಕಿ, ಇಷ್ಟು ನಿನಗೆ ಅರ್ಪಣೆ ಎಂದು ನೀರು ಬಿಟ್ಟು ಬನ್ನಿ.

ಹೊರಡುವ ಹಿಂದಿನ ದಿನ ಹೂಬತ್ತಿಯ ಡಬ್ಬಿ, ಎಣ್ಣೆಯ ಗಿಂಡಿ, ಬೆಂಕಿಪೊಟ್ಟಣ ಎಲ್ಲಿದೆ ಎಂದು ಯಜಮಾನರಿಗೆ ತೋರಿಸಿ. ಒಂದು ಚೀಟಿಯಲ್ಲಿ ಬರೆದು ದೇವರ ಮನೆಯ ಬಾಗಿಲಿಗೆ ಅಂಟಿಸಿದರೆ ಇನ್ನೂ ಒಳ್ಳೆಯದು.